ಅರವತ್ತು ಹೆಸರುಗಳ ಹಡಗು

ಈಚೆಗೆ ಆಡಿದ ವಿಡಿಯೊ ಗೇಮ್‌ಗಳಲ್ಲಿ ತಲೆಯಿಂದ ಇಳಿಯದೆ ಕೂತಿರುವುದು ‘ರಿಟರ್ನ್ ಆಫ್ ದಿ ಒಬ್ರಾ ಡಿನ್’. 2018ರಲ್ಲಿ ಬಂದದ್ದು, ನಾನು ಹತ್ತಿದ್ದೇ ತಡವಾಗಿ. ಕತೆ ನಡೆಯುವುದು 1807ರಲ್ಲಿ. ಐದು ವರ್ಷದ ಹಿಂದೆ ಲಂಡನ್ನಿನಿಂದ ಹೊರಟು ಕಾಣೆಯಾಗಿದ್ದ ಹಡಗೊಂದು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿ ತೇಲಿ ಬಂದಿದೆ, ಮೇಲೆ ಒಂದು ನರಪಿಳ್ಳೆಯೂ ಇಲ್ಲ. ನಾವು ಈಸ್ಟ್ ಇಂಡಿಯಾ ಕಂಪನಿಯ ವಿಮಾ ತನಿಖಾಧಿಕಾರಿ. ಹಡಗಿನಲ್ಲಿದ್ದ ಅರವತ್ತು ಜನರ ಪೈಕಿ ಯಾವ ಮುಖಕ್ಕೆ ಯಾವ ಹೆಸರು, ಯಾರಿಗೆ ಏನಾಯಿತು, ಯಾರ ಕೈಯಿಂದ ಆಯಿತು ಎಂದು ಪುಸ್ತಕದಲ್ಲಿ ತುಂಬಿಸಬೇಕು.

ನಮ್ಮ ಹತ್ತಿರ ಇರುವುದು ಒಂದು ಮಾಯದ ಜೇಬುಗಡಿಯಾರ. ಎಲುಬಿನ ರಾಶಿಯ ಮುಂದೆ ಅದನ್ನು ತೆರೆದರೆ ಪರದೆ ಕಪ್ಪಾಗಿ ಸಾಯುವ ಮುಂಚಿನ ಮಾತು, ಬಡಿದಾಟ, ಕೂಗು ಕೇಳಿಸುತ್ತವೆ. ಆಮೇಲೆ ಪ್ರಾಣ ಹೋದ ಆ ಕ್ಷಣವೊಂದೇ ಕಲ್ಲಿನಲ್ಲಿ ಕಡೆದ ಹಾಗೆ ಸುತ್ತ ನಿಲ್ಲುತ್ತದೆ. ಗುಂಡು ಹಾರಿದ ಹೊಗೆ ಗಾಳಿಯಲ್ಲೇ, ಬೀಳುತ್ತಿದ್ದವನು ಬೀಳುವ ಭಂಗಿಯಲ್ಲೇ. ಅದರ ನಡುವೆ ನಾವು ಮಾತ್ರ ಓಡಾಡಬಹುದು, ಮುಖಗಳ ಹತ್ತಿರ ಬಗ್ಗಿ ನೋಡಬಹುದು.

ಇಡೀ ಆಟ ಎರಡೇ ಬಣ್ಣದಲ್ಲಿದೆ, ಹಳೆಯ ಮ್ಯಾಕಿಂಟಾಷ್ ಪರದೆಯ ಕಪ್ಪು-ಬಿಳುಪು. ಬೂದು ಕೂಡ ಇಲ್ಲ. ಚುಕ್ಕೆಗಳು ಒತ್ತಾದಲ್ಲಿ ನೆರಳು, ತೆಳುವಾದಲ್ಲಿ ಬೆಳಕು. ಚಿತ್ರ, ಪ್ರೋಗ್ರಾಂ, ಸಂಗೀತ ಎಲ್ಲವೂ ಲೂಕಸ್ ಪೋಪ್ ಎಂಬ ಒಬ್ಬನದೇ. ಕೆಂಪು ಇಲ್ಲದ್ದರಿಂದ ರಕ್ತವೂ ಕಣ್ಣಿಗೆ ಹೊಡೆಯುವುದಿಲ್ಲ. ನೋಟ ಸೀದಾ ಟೋಪಿ, ಗುಂಡಿ, ಹಚ್ಚೆ, ಯಾರ ಪಕ್ಕ ಯಾರು ನಿಂತಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಇಷ್ಟು ಹೆಣಗಳಿರುವ ಆಟದಲ್ಲಿ ಇದು ದೊಡ್ಡ ಸಂಯಮ.

ನನಗೆ ಅತ್ಯಂತ ರುಚಿಸಿದ್ದು ನಾವಿಕರು ಮಲಗುವ ಜೋಲಿಗಳ ದೃಶ್ಯ. ಸತ್ತವನು ಅಲ್ಲೊಬ್ಬ, ಆದರೆ ಸ್ವಾರಸ್ಯವಿರುವುದು ನಿದ್ದೆಯಲ್ಲಿರುವ ಉಳಿದವರಲ್ಲಿ. ಜೋಲಿಗಳಿಗೆ ಕಟ್ಟಿದ ಸಂಖ್ಯೆಗಳನ್ನು ಸಿಬ್ಬಂದಿ ಪಟ್ಟಿಯ ಸಂಖ್ಯೆಗಳ ಜೊತೆ ಇಟ್ಟು ನೋಡಬೇಕೆಂದು ಯಾರೂ ಹೇಳುವುದಿಲ್ಲ. ಮುಖ ಮುಚ್ಚಿ ಮಲಗಿದವನ ಪಾದ ಹೊರಗೆ ಚಾಚಿದೆ. ಅದೇ ಪಾದರಕ್ಷೆ ಬೇರೊಂದು ದುರಂತದಲ್ಲಿ, ಹಗ್ಗ ಹಿಡಿದು ನಿಂತವನ ಕಾಲಲ್ಲಿ ಕಾಣುತ್ತದೆ. ಅದು ಹೊಳೆದ ಗಳಿಗೆಯಲ್ಲಿ ಕುರ್ಚಿಯಿಂದ ಎದ್ದೇಬಿಟ್ಟೆ. ಮೂರು ಜನರ ಗತಿ ಪೂರ್ತಿ ಸರಿಯಾದಾಗಲೇ ಪುಸ್ತಕ ಒಪ್ಪಿ ಅಚ್ಚು ಹಾಕುತ್ತದೆ, ಹಾಗಾಗಿ ಕುರುಡು ಊಹೆಗೆ ಹೆಚ್ಚು ಬೆಲೆಯಿಲ್ಲ. ಪಟ್ಟಿಯಲ್ಲಿ ಇಂಡಿಯಾದವರೆಂದು ಬರೆದ ಹೆಸರುಗಳೂ ಇವೆ. ಅವರನ್ನು ಹುಡುಕುವಾಗ ನನ್ನ ಉತ್ಸಾಹ ತನಿಖಾಧಿಕಾರಿಗೆ ತಕ್ಕದ್ದಾಗಿರಲಿಲ್ಲ!

ತಕರಾರು ಇಲ್ಲವೆಂದಲ್ಲ. ಹಿಂದಿನ ನೆನಪನ್ನು ಮತ್ತೆ ನೋಡಬೇಕಾದರೆ ಆ ಹೆಣವಿದ್ದಲ್ಲಿಗೇ ನಡೆದು ಹೋಗಬೇಕು. ಕೊನೆಕೊನೆಗೆ ಏಣಿ ಹತ್ತಿಳಿದು ಬೇಸರ ಬರುತ್ತದೆ. ಉಚ್ಚಾರದಿಂದ ಊರು ಗುರುತಿಸುವ ಸುಳಿವುಗಳೂ ಇವೆ. ಸ್ಕಾಟ್ಲೆಂಡಿನವನು ಯಾರು, ಐರ್ಲೆಂಡಿನವನು ಯಾರು ಎಂದರೆ ನನ್ನ ಕಿವಿ ಕೈಯೆತ್ತಿತು.

ಇದರ ಬೆನ್ನಿಗೇ ಆಡಿದ್ದು 2019ರ ‘ಔಟರ್ ವೈಲ್ಡ್ಸ್’. ಒಂದು ಪುಟ್ಟ ಸೌರಮಂಡಲ. ಇಪ್ಪತ್ತೆರಡು ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಶುರು. ಇಲ್ಲೂ ಗಳಿಸುವುದಕ್ಕೆ ಆಯುಧವಿಲ್ಲ, ಅಂಕವಿಲ್ಲ. ಮುಂದಿನ ಸುತ್ತಿಗೆ ಒಯ್ಯುವುದು ತಿಳಿದುಕೊಂಡದ್ದನ್ನು ಮಾತ್ರ. ಜೋಡಿ ಗ್ರಹಗಳಲ್ಲಿ ಒಂದರಿಂದ ಮರಳು ಇನ್ನೊಂದಕ್ಕೆ ಸುರಿಯುತ್ತಿರುತ್ತದೆ: ಇಲ್ಲಿ ಗುಹೆಗಳು ಹೂತುಹೋಗುವ ಹೊತ್ತಿಗೆ ಅಲ್ಲಿ ಗೋಪುರಗಳು ತಲೆಯೆತ್ತುತ್ತವೆ. ಒಬ್ಬೊಬ್ಬ ಸಂಚಾರಿ ಒಂದೊಂದು ಕಡೆ ಕೂತು ಬ್ಯಾಂಜೊ, ಕೊಳಲು, ಮೌತ್ ಆರ್ಗನ್ ನುಡಿಸುತ್ತಾನೆ. ಒಬ್ಬ ಬರಿ ಸಿಳ್ಳೆ. ನೌಕೆಯನ್ನು ದೂರ ಒಯ್ದು ಸಂಕೇತ ಹಿಡಿಯುವ ದುರ್ಬೀನನ್ನು ಇತ್ತ ತಿರುಗಿಸಿದರೆ ಎಲ್ಲ ಸೇರಿ ಒಂದೇ ರಾಗ. ಅವರು ಒಬ್ಬರಿಗೊಬ್ಬರು ಕೇಳಿಸಿಕೊಂಡು ನುಡಿಸುತ್ತಿಲ್ಲ, ಆದರೂ ತಾಳ ತಪ್ಪುವುದಿಲ್ಲ. ಸಂಯೋಜಕ ಆಂಡ್ರ್ಯೂ ಪ್ರಾಲೋ. ಒಗಟು ಬಿಡಿಸುವುದನ್ನು ಮರೆತು ಸೂರ್ಯ ಸಿಡಿಯುವವರೆಗೆ ಇದನ್ನೇ ಕೇಳುತ್ತ ಕೂತ ಸುತ್ತುಗಳುಂಟು.

ಗುಟ್ಟು ತಿಳಿದ ಮೇಲೆ ಎರಡನ್ನೂ ಹೊಸದಾಗಿ ಆಡಲಾಗದು. ಅದಕ್ಕೇ ಒಬ್ರಾ ಡಿನ್ನನ್ನು ಅಕ್ಕನ ಮಗನ ಕೈಗೆ ಕೊಟ್ಟು ಪಕ್ಕದಲ್ಲಿ ಕೂತಿದ್ದೇನೆ. ಜೋಲಿಗಳ ದೃಶ್ಯ ಬಂದಾಗ ಅವನು ಸತ್ತವನನ್ನೇ ನೋಡುತ್ತಿದ್ದ. ‘ಮಾಮ, ಏನಾದ್ರೂ ಹೇಳಿದ್ರೆ ನೋಡು’ ಎಂದು ಮೊದಲೇ ಬಾಯಿ ಕಟ್ಟಿಹಾಕಿದ್ದಾನೆ.