ಕಿತ್ತಳೆ ಸಿಪ್ಪೆಯ ಪಾಠ

ಸಿನಿಮಾವನ್ನೂ ಕಾಲೇಜಿಗೆ ಹೋಗಿ ಕಲಿಯಬೇಕೆ ಎಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದನ್ನು ಕಲಿಯಲು ಸಮುದ್ರ ದಾಟಬೇಕೆ ಎಂದು ಕೇಳುವವರಂತೂ ಇನ್ನೂ ಹೆಚ್ಚು. ಮೊದಲ ಪ್ರಶ್ನೆಗೆ ನನ್ನ ಉತ್ತರ ಸುಲಭ. ಕಂಠ ಹುಟ್ಟಿನಿಂದಲೇ ಬರುತ್ತದೆ ಎನ್ನುವವರೂ ಮಗಳನ್ನು ಸರಳೆ ವರಸೆಗೆಂದು ಸಂಗೀತದ ಮೇಷ್ಟರ ಮನೆಗೆ ಕಳುಹಿಸುತ್ತಾರಲ್ಲವೆ? ಎರಡನೆಯದೇ ಕಠಿಣ ಪ್ರಶ್ನೆ. ಅದಕ್ಕೆ ನಾನು ಹಿಡಿದ ದಾರಿ ನನ್ನ ವೃತ್ತಿಯದೇ. ಒಂದು ಶಾಲೆ ಹೇಗಿದೆ ಎಂದು ತಿಳಿಯಬೇಕಾದರೆ ಹೆಡ್‌ಮಾಸ್ತರರ ಭಾಷಣ ಕೇಳಬಾರದು, ಮಕ್ಕಳ ನೋಟ್‌ಬುಕ್ಕು ತೆರೆದು ನೋಡಬೇಕು. ಸಿನಿಮಾ ಶಾಲೆಯಲ್ಲಿ ನೋಟ್‌ಬುಕ್ಕು ಎಂದರೆ ವಿದ್ಯಾರ್ಥಿಗಳು ಅಲ್ಲಿದ್ದಾಗ ಮಾಡಿದ ಕಿರುಚಿತ್ರಗಳು.

ಈ ನೋಟ್‌ಬುಕ್ಕುಗಳನ್ನು ನಾನು ಬಿಡಿಸಿ ನೋಡಲು ಕಾರಣ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು. ಸಾಗರದ ಕಡೆಯವಳು. ತಂದೆ ಇಲ್ಲ, ಮನೆಗೆ ಆಧಾರ ಎರಡು ಎಕರೆ ಅಡಿಕೆ ತೋಟ. ಪತ್ರಿಕೋದ್ಯಮದಲ್ಲಿ ಬಿಎ ಮುಗಿಸಿದವಳು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ‘ಫಿಲ್ಮ್ ಅಂಡ್ ಮೀಡಿಯಾ’ ಎಂಎ ಓದುತ್ತೇನೆಂದು ಹಟ ಹಿಡಿದಳು. ಒಂದು ವರ್ಷದ ಓದು. ವಿದ್ಯಾಭ್ಯಾಸದ ಸಾಲ 7.5 ಲಕ್ಷ ದಾಟಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತಾರೆ. ಆಸ್ತಿ ಎಂದರೆ ಆ ತೋಟವೇ. ಅವಳ ತಾಯಿ ಒಂದು ಭಾನುವಾರ ಬಂದು ಪ್ರಾಸ್ಪೆಕ್ಟಸ್ಸನ್ನು ನನ್ನ ಕೈಗಿಟ್ಟು, “ಟೀಚರೇ, ನಂಗೆ ಇಂಗ್ಲಿಷ್ ಬರಲ್ಲ. ಇದರಲ್ಲಿ ತೋಟ ಅಡ ಇಡುವಂಥದ್ದು ಏನಿದೆ ಅಂತ ನೀವೇ ಓದಿ ಹೇಳಿ” ಎಂದರು.

ಓದಿದೆ. ನಯವಾದ ಕಾಗದ, ಚೆಂದದ ಚಿತ್ರಗಳು. ಕಲ್ಲಿನ ಹಳೆಯ ಕಟ್ಟಡ, ಹುಲ್ಲಿನ ಮೇಲೆ ಕೂತು ನಗುವ ಹುಡುಗ ಹುಡುಗಿಯರು, ಮುಖಪುಟದಲ್ಲಿ ಕ್ಯಾಮೆರಾ ಹಿಡಿದ ಯುವತಿ. ಸೃಜನಶೀಲತೆ ಎಂಬ ಮಾತು ಒಗ್ಗರಣೆಯ ಸಾಸಿವೆಯಂತೆ ಪುಟಪುಟದಲ್ಲೂ ಸಿಡಿದಿದೆ. ಆದರೆ ಅಲ್ಲಿ ಓದಿದ ಒಬ್ಬ ವಿದ್ಯಾರ್ಥಿ ಮಾಡಿದ ಒಂದು ಚಿತ್ರದ ಬಗ್ಗೆ ಎರಡು ಸಾಲಿಲ್ಲ. ಕೊನೆಯಲ್ಲಿ ಸಣ್ಣ ಅಕ್ಷರಗಳಲ್ಲಿದ್ದ ಪಾಠಪಟ್ಟಿ ನೋಡಿದರೆ ಕಾರಣ ಹೊಳೆಯುತ್ತದೆ. ಅದು ಚಿತ್ರ ಮಾಡುವ ಓದಲ್ಲ, ಚಿತ್ರಗಳ ಬಗ್ಗೆ ಪ್ರಬಂಧ ಬರೆಯುವ ಓದು. ಅದೂ ಒಳ್ಳೆಯದೇ, ನಾನೀಗ ಮಾಡುತ್ತಿರುವುದೂ ಅದನ್ನೇ. ಆದರೆ ಮುಖಪುಟದ ಕ್ಯಾಮೆರಾಕ್ಕೂ ಒಳಗಿನ ಪಾಠಕ್ಕೂ ಹೊಂದಿಕೆ ಇರಬೇಡವೆ? ಸೀರೆಯ ಸೆರಗು ಮಾತ್ರ ತೋರಿಸಿ ಒಡಲು ಮುಚ್ಚಿಡುವ ಅಂಗಡಿಯವನನ್ನು ನಾವು ನಂಬುತ್ತೇವೆಯೆ? ಮಕ್ಕಳನ್ನು ಕಳುಹಿಸುವ ತಾಯಂದಿರು ಮೊದಲು ಕೇಳಬೇಕಾದ್ದು ಇದು: ನನ್ನ ಮಗಳು ಅಲ್ಲಿ ಚಿತ್ರ ಮಾಡುತ್ತಾಳೋ, ಚಿತ್ರದ ಬಗ್ಗೆ ಬರೆಯುತ್ತಾಳೋ? ಎರಡರ ಹೆಸರೂ ಅನೇಕ ಕಡೆ ಒಂದೇ ತೆರನಾಗಿರುತ್ತದೆ.

ಇನ್ನು ನೋಟ್‌ಬುಕ್ಕುಗಳಿಗೆ ಬರೋಣ. ನಾನು ಬಿಎ ಬಿಎಡ್ ಮಾಡಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಸಿನಿಮಾವನ್ನು ಗಮನವಿಟ್ಟು ನೋಡಬೇಕೆಂಬ ರೂಢಿ ಹೆಗ್ಗೋಡಿನ ನೀನಾಸಂ ಅಂಗಳದಿಂದ ಬಂದದ್ದು. ಆ ನೆರೆಹೊರೆಯಲ್ಲಿ ಬೆಳೆದವರಿಗೆ ದೂರದ ದೇಶದ ಚಿತ್ರವೆಂದರೆ ಭಯವಿಲ್ಲ. ಕೊಟ್ಟಿಗೆ ಕೆಲಸ ಮುಗಿಸಿ ಬಂದು ಸತ್ಯಜಿತ್ ರಾಯ್, ಕುರೊಸಾವಾ ನೋಡಿದ ಹೆಂಗಸರ ಊರದು. ಆ ಧೈರ್ಯದ ಮೇಲೆಯೇ ನಾನು ಮಗನ ಲ್ಯಾಪ್‌ಟಾಪಿನಲ್ಲಿ ರಾತ್ರಿಗಳನ್ನು ಕಳೆದೆ.

ಎಲ್ಲಕ್ಕಿಂತ ನನ್ನನ್ನು ಹಿಡಿದು ಕೂರಿಸಿದ್ದು ಜೇನ್ ಕ್ಯಾಂಪಿಯನ್ನರ ‘ಪೀಲ್’. ಆಕೆ ನ್ಯೂಜಿಲೆಂಡಿನವರು. ವೆಲಿಂಗ್ಟನ್ನಿನಲ್ಲಿ ಮಾನವಶಾಸ್ತ್ರ ಓದಿ, ಸಿಡ್ನಿಗೆ ಹೋಗಿ ಚಿತ್ರಕಲೆ ಕಲಿತು, ಅನಂತರ ಆಸ್ಟ್ರೇಲಿಯದ ಸರ್ಕಾರಿ ಸಿನಿಮಾ ಶಾಲೆ ಸೇರಿದರು. ಅಂದರೆ ಅವರದೂ ಪರದೇಶದ ಓದೇ. 1982ರಲ್ಲಿ ವಿದ್ಯಾರ್ಥಿನಿಯಾಗಿ ಮಾಡಿದ ಈ ಚಿತ್ರ ಸುಮಾರು 9 ನಿಮಿಷದ್ದು. ‘ಶಿಸ್ತಿನ ಒಂದು ಅಭ್ಯಾಸ’ ಎಂಬುದು ಅದರ ಉಪಶೀರ್ಷಿಕೆ. ಶಾಲೆಯ ಟೀಚರು ಇಂಥ ಹೆಸರನ್ನು ಬಿಟ್ಟು ಮುಂದೆ ಹೋಗುವುದುಂಟೆ?

ಕಥೆ ಇಷ್ಟೇ. ಕೆಂಚುಗೂದಲಿನ ಮೂವರು ಕಾರಿನಲ್ಲಿ ಹೋಗುತ್ತಿದ್ದಾರೆ: ಅಣ್ಣ, ತಂಗಿ, ಅಣ್ಣನ ಪುಟ್ಟ ಮಗ. ಹುಡುಗ ಕಿತ್ತಳೆ ಸುಲಿದು ಸಿಪ್ಪೆಯನ್ನು ಕಿಟಕಿಯಿಂದ ರಸ್ತೆಗೆ ಎಸೆಯುತ್ತಾನೆ. ಅಪ್ಪ ಗದರಿ ಕಾರು ನಿಲ್ಲಿಸುತ್ತಾನೆ. ಇಳಿ, ಎಲ್ಲವನ್ನೂ ಹೆಕ್ಕಿ ತಾ. ಹುಡುಗ ಓಡಿಹೋಗುತ್ತಾನೆ. ತಂಗಿಗೆ ಹೊತ್ತಾಗುತ್ತದೆಂದು ಸಿಟ್ಟು. ಕೊನೆಗೆ ಅಪ್ಪ ಮಗ ರಾಜಿಯಾಗಿ, ಹೆಕ್ಕಿದ ಸಿಪ್ಪೆಯೊಂದಿಗೆ ನಗುತ್ತ ಬರುವಷ್ಟರಲ್ಲಿ ತಂಗಿಯೇ ಕಿತ್ತಳೆ ಸುಲಿದು ಸಿಪ್ಪೆಯನ್ನು ನೆಲಕ್ಕೆ ಹಾಕಿದ್ದಾಳೆ! ಅಣ್ಣ ಅವಳಿಗೂ ಹೆಕ್ಕು ಎನ್ನುತ್ತಾನೆ. ಅವಳು ಹೆಕ್ಕುವುದಿಲ್ಲ. ಕಾರು ಅಲ್ಲೇ ನಿಂತಿದೆ. ಮುಗಿಯಿತು.

28 ವರ್ಷದಿಂದ ತರಗತಿಯಲ್ಲಿ ಕಾಗದದ ಚೂರು ಹೆಕ್ಕಿಸುತ್ತ ಬಂದ ನನಗೆ ಈ 9 ನಿಮಿಷ ಮೈಚಳಿ ಬಿಡಿಸಿತು. ಶಿಸ್ತು ಎಂದು ನಾವು ಕರೆಯುವುದರ ಒಳಗೆ ಎಷ್ಟು ಪಾಲು ಗೆಲ್ಲಬೇಕೆಂಬ ಹಟ ಎನ್ನುವುದನ್ನು ಕ್ಯಾಮೆರಾ ಒಂದು ಮಾತೂ ಆಡದೆ ತೋರಿಸುತ್ತದೆ. ಮುಖಗಳಿಗೆ ಅಷ್ಟು ಹತ್ತಿರ ಹೋಗುತ್ತದೆಂದರೆ ಕಾರಿನೊಳಗೆ ನಮಗೇ ಉಸಿರು ಕಟ್ಟುತ್ತದೆ. ಯಾರ ಪಕ್ಷವನ್ನೂ ಅದು ವಹಿಸುವುದಿಲ್ಲ. ಅಪ್ಪನದು ನ್ಯಾಯ, ಹುಡುಗನದು ಅವಮಾನ, ತಂಗಿಯದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದು ದಿನ. ಅತ್ತೆ ಮನೆಯಿಂದ ಬಂದು ಅಣ್ಣನ ಕಾರಿನಲ್ಲಿ ಹಿಂದಿನ ಸೀಟಿಗೆ ಕೂತ ಹೆಣ್ಣುಮಕ್ಕಳಿಗೆ ಆ ಸಿಟ್ಟಿನ ಅರ್ಥ ವಿವರಿಸಬೇಕಾಗಿಲ್ಲ. 1986ರಲ್ಲಿ ಈ ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಕಿರುಚಿತ್ರಗಳ ಅತ್ಯುನ್ನತ ಪ್ರಶಸ್ತಿ ಬಂತು. ಮುಂದೆ 1993ರಲ್ಲಿ ‘ದಿ ಪಿಯಾನೊ’ ಚಿತ್ರಕ್ಕೆ ಕಾನ್‌ನ ಪಾಮ್ ಡೋರ್ ಪಡೆದ ಮೊದಲ ಮಹಿಳೆಯಾದರು. ಆದರೆ ನನ್ನ ಮಟ್ಟಿಗೆ ಆ ದೊಡ್ಡ ಚಿತ್ರದ ಬೀಜವೂ ಈ ಸಿಪ್ಪೆಯಲ್ಲೇ ಇದೆ.

ಇದಕ್ಕೆ ಬೇಕಾದದ್ದು ಏನು? ಒಂದು ಕಾರು, ಮೂರು ಜನ, ಒಂದೆರಡು ಕಿತ್ತಳೆ. ಪ್ರಾಸ್ಪೆಕ್ಟಸ್ಸಿನಲ್ಲಿ ಹೊಗಳಿದ ಸ್ಟುಡಿಯೋಗಳಲ್ಲಿ ಒಂದೂ ಬೇಕಾಗಿರಲಿಲ್ಲ. ಶಾಲೆ ಕೊಟ್ಟದ್ದು ಬೇರೆ: ಮಾರಾಟವಾಗದ ಒಂದು ಚಿತ್ರ ಮಾಡಲು ಅಪ್ಪಣೆ, ಅದಕ್ಕೆ ಬೇಕಾದ ಸಮಯ, ಅದನ್ನು ಕೂತು ನೋಡುವ ಸಹಪಾಠಿಗಳು. ಇದನ್ನು ಮನೆಯಲ್ಲಿ ಕೂತು ಗಳಿಸುವುದು ಕಷ್ಟ, ಹೆಣ್ಣುಮಕ್ಕಳಿಗಂತೂ ಬಹಳ ಕಷ್ಟ.

ಇನ್ನೊಂದು ನೋಟ್‌ಬುಕ್ಕು ಪೋಲೆಂಡಿನ ವುಚ್ ಎಂಬ ಊರಿನದು. ಬರೆಯುವುದು ಲೋಡ್ಜ್ ಎಂಬಂತೆ, ಹೇಳುವುದು ವುಚ್. ನಮ್ಮ ದಾವಣಗೆರೆಯಂತೆ ಬಟ್ಟೆ ಗಿರಣಿಗಳ ಊರು. ಯುದ್ಧದಲ್ಲಿ ವಾರ್ಸಾ ನೆಲಸಮವಾಗಿದ್ದರಿಂದ 1948ರಲ್ಲಿ ಸಿನಿಮಾ ಶಾಲೆ ಇಲ್ಲಿ ಬಂತು. ಕ್ರಿಸ್ತೋಫ್ ಕಿಷ್ಲೋವ್‌ಸ್ಕಿ ಎಂಬ ಯುವಕ ಅಗ್ನಿಶಾಮಕ ತರಬೇತಿಗೆ ಸೇರಿ ಬಿಟ್ಟು, ಈ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ, ಮೂರನೆಯ ಸಲ ದಾಟಿದ. 1966ರಲ್ಲಿ ವಿದ್ಯಾರ್ಥಿಯಾಗಿ ಅವನು ಮಾಡಿದ ‘ಕಚೇರಿ’ ಐದಾರು ನಿಮಿಷದ್ದು. ಪಿಂಚಣಿ ಕೊಡುವ ಸರ್ಕಾರಿ ಕಚೇರಿಯ ಕಿಂಡಿ. ಈಚೆ ವಯಸ್ಸಾದವರ ಸಾಲು, ಆಚೆ ಗುಮಾಸ್ತೆ. ಇನ್ನೊಂದು ಕಾಗದ ತನ್ನಿ, ಮತ್ತೊಂದು ಸರ್ಟಿಫಿಕೇಟು ತನ್ನಿ. ಕೊನೆಗೆ ಕಡತಗಳು ತುಂಬಿದ ಕಪಾಟುಗಳ ಮೇಲೆ ಗುಮಾಸ್ತೆಯ ದನಿ ಮಾತ್ರ ಕೇಳುತ್ತದೆ: ಇಡೀ ಜೀವಮಾನದಲ್ಲಿ ಏನೇನು ಮಾಡಿದಿರಿ ಎಂಬುದನ್ನು ತುಂಬಿ ಎಂದು.

ನವೆಂಬರ್ ತಿಂಗಳಲ್ಲಿ ಜೀವಿತ ಪ್ರಮಾಣಪತ್ರ ಹಿಡಿದು ಬ್ಯಾಂಕಿನ ಮುಂದೆ ನಿಲ್ಲುವ ನಮ್ಮ ನಿವೃತ್ತ ಮೇಷ್ಟರುಗಳನ್ನು ಕಂಡವರಿಗೆ ಇದು ಪೋಲೆಂಡಿನ ಕಥೆ ಎನ್ನಿಸುವುದಿಲ್ಲ. ಆ ಹುಡುಗ ಗುಮಾಸ್ತೆಯನ್ನು ರಾಕ್ಷಸಿ ಮಾಡಿಲ್ಲ, ಮುದುಕರನ್ನು ಅಳಿಸಿಲ್ಲ. ಬರೀ ಕಾದು ನೋಡಿದ್ದಾನೆ.

ಮೀರಾ ನಾಯರ್ ಅವರದು ನಮಗೆ ಹತ್ತಿರದ ಉದಾಹರಣೆ. ರೂರ್ಕೆಲಾದಲ್ಲಿ ಹುಟ್ಟಿ, ದೆಹಲಿಯಲ್ಲಿ ಓದುತ್ತಿದ್ದವರು 19ರ ವಯಸ್ಸಿನಲ್ಲಿ ವಿದ್ಯಾರ್ಥಿವೇತನ ಪಡೆದು ಹಾರ್ವರ್ಡಿಗೆ ಹೋದರು. ಅಲ್ಲಿನ ಪದವಿಗಾಗಿ 1979ರಲ್ಲಿ ಮುಗಿಸಿದ ಚಿತ್ರ ಯಾವುದರ ಬಗ್ಗೆ? ಹಳೆ ದೆಹಲಿಯ ಜಾಮಾ ಮಸೀದಿ ಬೀದಿಯ ಬಗ್ಗೆ! ಕಪ್ಪು ಬಿಳುಪಿನ, 20 ನಿಮಿಷವೂ ಇಲ್ಲದ ಈ ‘ಜಾಮಾ ಮಸ್ಜಿದ್ ಸ್ಟ್ರೀಟ್ ಜರ್ನಲ್’ ನಿಜ ಹೇಳಬೇಕೆಂದರೆ ಕ್ಯಾಂಪಿಯನ್ನರ ಚಿತ್ರದಷ್ಟು ಗಟ್ಟಿಯಾಗಿಲ್ಲ. ಬೀದಿಯ ಜನರೊಡನೆ ಮಾತು, ಒಂದಷ್ಟು ಮುಖಗಳು, ಹಾದು ಹೋಗುವ ನೋಟ. ಆದರೆ ಕ್ಯಾಮೆರಾ ಹಿಡಿದ ಹೆಣ್ಣು ನಮ್ಮ ಬೀದಿಯಲ್ಲಿ ನಿಂತರೆ ನೋಡುವವಳೂ ಅವಳೇ, ನೋಡಿಸಿಕೊಳ್ಳುವವಳೂ ಅವಳೇ ಎಂಬ ಇಕ್ಕಟ್ಟು ಅದರಲ್ಲಿ ಪ್ರಾಮಾಣಿಕವಾಗಿದೆ. ಅಷ್ಟು ದೂರ ಹೋಗಿ ಕಲಿತು, ತಿರುಗಿ ಬಂದು ಸ್ವಂತ ಬೀದಿ ನೋಡಿದರು. 1988ರ ‘ಸಲಾಮ್ ಬಾಂಬೆ’ಗೆ ಇಲ್ಲಿಂದಲೇ ದಾರಿ ಹೋಗಿದೆ.

ಒಂದು ವರ್ಷದ ಎಂಎ ಬಗ್ಗೆ ನನಗಿರುವ ಅನುಮಾನ ಸಮಯದ್ದು. ಬ್ರಿಟನ್ನಿನ ಬೀಕನ್ಸ್‌ಫೀಲ್ಡಿನ ರಾಷ್ಟ್ರೀಯ ಸಿನಿಮಾ ಶಾಲೆಯಲ್ಲಿ ನಿಕ್ ಪಾರ್ಕ್ ಎಂಬ ವಿದ್ಯಾರ್ಥಿ 1980ರ ದಶಕದ ಆರಂಭದಲ್ಲಿ ಮಣ್ಣಿನ ಬೊಂಬೆಗಳ ಒಂದು ಚಿತ್ರ ಶುರುಮಾಡಿದ. ಗಿಣ್ಣು ಹುಡುಕಿಕೊಂಡು ಚಂದ್ರಲೋಕಕ್ಕೆ ಹೋಗುವ ಒಬ್ಬ ಮನುಷ್ಯ ಮತ್ತು ಅವನ ನಾಯಿಯ ಕಥೆ. ಅದು ಮುಗಿದದ್ದು 1989ರಲ್ಲಿ. ವ್ಯಾಲೇಸ್ ಮತ್ತು ಗ್ರೋಮಿಟ್ ಎಂದು ಇಂದು ಮಕ್ಕಳೆಲ್ಲ ಬಲ್ಲ ಜೋಡಿ ಹುಟ್ಟಿದ್ದು ಹಾಗೆ. ಹನ್ನೆರಡು ತಿಂಗಳಲ್ಲಿ ಮನೆ ಹುಡುಕಿ, ಚಳಿಗೆ ಒಗ್ಗಿ, ಸಂಜೆ ಅಂಗಡಿಯಲ್ಲಿ ದುಡಿದು, ಪ್ರಬಂಧವನ್ನೂ ಬರೆಯುವ ಹುಡುಗಿಗೆ ಅಂಥ ನಿಧಾನ ಎಲ್ಲಿ ಸಿಗಬೇಕು?

ಭಾಷೆಯ ಮಾತನ್ನೂ ಹೇಳಬೇಕು. ವಿದೇಶ ಎಂದರೆ ಇಂಗ್ಲಿಷ್ ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ. ಜೆಕ್ ದೇಶದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಜೆಕ್ ಭಾಷೆಯಲ್ಲಿ ಓದುವವರಿಗೆ ಬೋಧನಾ ಶುಲ್ಕವಿಲ್ಲ, ಪರದೇಶದವರಿಗೂ ಇಲ್ಲ. ಇಂಗ್ಲಿಷಿನಲ್ಲಿ ಓದುತ್ತೇವೆಂದರೆ ಮಾತ್ರ ಹಣ ತೆರಬೇಕು. ಪ್ರಾಗ್‌ನ ಹೆಸರಾಂತ ಫಾಮು ಸಿನಿಮಾ ಶಾಲೆಗೂ ಇದೇ ಲೆಕ್ಕ. ಪೋಲೆಂಡಿನ ಅಗ್ನೀಷ್ಕಾ ಹೋಲಂಡ್ ಹಾಗೆ ಪ್ರಾಗ್‌ಗೆ ಹೋಗಿ ಓದಿ 1971ರಲ್ಲಿ ಮುಗಿಸಿದರು. 1968ರಲ್ಲಿ ಸೋವಿಯತ್ ಟ್ಯಾಂಕುಗಳು ಬಂದಾಗ ಆ ಊರಿನಲ್ಲಿದ್ದು, ಮುಂದೆ ಅಲ್ಲಿನ ಜೈಲನ್ನೂ ಕಂಡರು. ಬಾಡಿಗೆ ಮನೆಯ ಪಕ್ಕದವರೊಡನೆ ಅವರ ಮಾತಿನಲ್ಲೇ ಜಗಳವಾಡಲು ಬಂದವರು ಆ ಊರನ್ನು ನೋಡುವ ರೀತಿಯೇ ಬೇರೆ.

ಇಷ್ಟನ್ನೂ ತೂಗಿ ನೋಡಿ ಆ ತಾಯಿಗೆ ಹೇಳಿದೆ: ಈ ಪ್ರಾಸ್ಪೆಕ್ಟಸ್ಸಿಗೆ ತೋಟ ಅಡ ಇಡಬೇಡಿ. ಲಿಸ್ಬನ್, ಬುಡಾಪೆಸ್ಟ್, ಬ್ರಸೆಲ್ಸ್ ಮೂರು ಊರುಗಳಲ್ಲಿ ಸುತ್ತಿ ಓದುವ ‘ಡಾಕ್‌ನೊಮಾಡ್ಸ್’ ಎಂಬ ಎರಡು ವರ್ಷದ ಸಾಕ್ಷ್ಯಚಿತ್ರದ ಎಂಎ ಇದೆ. ಆಯ್ಕೆಯಾದ ಕೆಲವರಿಗೆ ಯುರೋಪಿನ ಒಕ್ಕೂಟದ ವಿದ್ಯಾರ್ಥಿವೇತನವೂ ಇದೆ. ಅದಕ್ಕೆ ಅರ್ಜಿ ಹಾಕಲಿ. ಪುಣೆಯ ಸಂಸ್ಥೆಗೂ ಬರೆಯಲಿ. ಮೈಸೂರಿನಲ್ಲಿ ವೈದ್ಯರಾಗಿದ್ದ ಚಿದಾನಂದ ನಾಯ್ಕ್ ಪುಣೆಯಲ್ಲಿ ಓದುತ್ತ, ಕೋಳಿ ಕದ್ದ ಅಜ್ಜಿಯ ನಮ್ಮ ಜನಪದ ಕಥೆಯಿಂದ ಕನ್ನಡದಲ್ಲಿ ಮಾಡಿದ ಕಿರುಚಿತ್ರಕ್ಕೆ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನವೇ ಬಂತಲ್ಲ.

ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು. “ಟೀಚರ್, ನೀವು ಸಿನಿಮಾ ಲೆಕ್ಕ ಮಾತ್ರ ಹಾಕಿದ್ರಿ. ಇಲ್ಲೇ ಇದ್ರೆ ಬರೋ ಮೇ ತಿಂಗಳಿಗೆ ನನ್ನ ಮದುವೆ. ಫೋನಿನಲ್ಲಿ ಶೂಟ್ ಮಾಡ್ತಿದೀನಿ ಅಂದ್ರೆ ಮಾವಂದಿರು ನಗ್ತಾರೆ. ವಿದೇಶದಿಂದ ಅಡ್ಮಿಶನ್ ಲೆಟರ್ ಬಂದಿದೆ ಅಂದ್ರೆ ಸುಮ್ಮನಾಗ್ತಾರೆ” ಎಂದಳು. ತಾಯಿ ಮಾತಾಡಲಿಲ್ಲ.

ಇದಕ್ಕೆ ನನ್ನ ಬಳಿ ಚಿತ್ರ ವಿಮರ್ಶೆಯ ಉತ್ತರವಿಲ್ಲ. ಜೆಕ್ ನಿರ್ದೇಶಕಿ ವೇರಾ ಹಿತಿಲೋವಾ ವಾಸ್ತುಶಿಲ್ಪದ ಓದು ಬಿಟ್ಟು, ನಕ್ಷೆ ಬರೆದು, ಬಟ್ಟೆಯ ಮಾಡೆಲ್ ಆಗಿ, ಸ್ಟುಡಿಯೋದಲ್ಲಿ ಚಿಕ್ಕಪುಟ್ಟ ಕೆಲಸ ಮಾಡಿ ಫಾಮು ಸೇರಿದಾಗ 28 ವರ್ಷ. ಓದಿನ ಕೊನೆಗೆ ಅವರು ಮಾಡಿದ ‘ಛಾವಣಿ’ ಚಿತ್ರ ವೈದ್ಯಕೀಯ ಓದು ಬಿಟ್ಟು ಮಾಡೆಲ್ ಆದ ಹುಡುಗಿಯದು. ಎಲ್ಲರೂ ಅವಳನ್ನು ನೋಡುವವರೇ, ಕೇಳುವವರು ಕಡಿಮೆ. ನಮ್ಮಲ್ಲಿ 28ರ ತನಕ ಯಾವ ಹುಡುಗಿಗೆ ಹೀಗೆ ಅಲೆದಾಡಲು ಬಿಡುತ್ತಾರೆ? ಗಂಡುಮಕ್ಕಳು ಸಿನಿಮಾ ಹುಚ್ಚು ಹಿಡಿಸಿಕೊಂಡು ಬೆಂಗಳೂರಿನ ಬಸ್ಸು ಹತ್ತಬಹುದು. ಹೆಣ್ಣುಮಕ್ಕಳಿಗೆ ಮುದ್ರೆ ಒತ್ತಿದ ಕಾಗದ ಬೇಕು. ಎಷ್ಟೋ ವಿದೇಶಿ ಪದವಿಗಳ ಬೆಲೆಯಲ್ಲಿ ಆ ಕಾಗದದ ಬೆಲೆಯೂ ಸೇರಿದೆ. ಯಾವ ಪ್ರಾಸ್ಪೆಕ್ಟಸ್ಸೂ ಅದನ್ನು ಹೇಳುವುದಿಲ್ಲ. ಆದರೂ ತೋಟ ಅಡ ಇಡುವ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಮದುವೆಯ ಮಾತನ್ನು ಮಾವಂದಿರೊಡನೆ ಬೇರೆಯಾಗಿ ಆಡಬೇಕು, ಅದಕ್ಕೆ ಪೌಂಡುಗಳ ಸಾಲ ಬೇಡ. ನಾನೂ ಬರುತ್ತೇನೆ ಎಂದು ತಾಯಿಗೆ ಮಾತು ಕೊಟ್ಟೆ.

ಅರ್ಜಿಯ ಜೊತೆ ಕಳುಹಿಸಲು ಹುಡುಗಿ ಫೋನಿನಲ್ಲೇ ಆರು ನಿಮಿಷದ ಚಿತ್ರ ಮಾಡಿದಳು. ರಾತ್ರಿ ಹೊತ್ತು ಅಂಗಳದಲ್ಲಿ ಅಡಿಕೆ ಸುಲಿಯುವ ಹೆಂಗಸರು. ಮೊದಲ ಪ್ರತಿಯ ತುಂಬ ಪಿಟೀಲು ತುಂಬಿಸಿದ್ದಳು, ಬಡತನವೆಂದರೆ ಪಿಟೀಲು ಎನ್ನುವ ಹಾಗೆ. ಮೆಟ್ಟುಗತ್ತಿಯ ಸದ್ದೇ ಸಾಕು, ಇದನ್ನು ತೆಗಿ ಎಂದೆ. ಹೆಂಗಸರು ಕ್ಯಾಮೆರಾ ನೋಡಿ ನಗುವ ಭಾಗ ಕಿತ್ತು ಹಾಕಿದ್ದಳು, ಅದನ್ನು ವಾಪಸ್ಸು ಹಾಕಿಸಿದೆ. ಒಂದು ಕಡೆ, ಸುಲಿದ ಡಬ್ಬಗಳನ್ನು ಎಣಿಸುವಾಗ ಒಬ್ಬಾಕೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರುಮಾಡುತ್ತಾಳೆ. ಅದನ್ನು ಕತ್ತರಿಸದೆ ಪೂರ್ತಿ ಉಳಿಸಿದ್ದು ಅವಳ ಸ್ವಂತ ಬುದ್ಧಿ. ಇಡೀ ಚಿತ್ರದಲ್ಲಿ ನನಗೆ ಮೆಚ್ಚಿಗೆಯಾದದ್ದು ಅದೇ.

ಪಿಟೀಲಿಲ್ಲದ ಪ್ರತಿಯನ್ನು ಕಳೆದ ವಾರ ತಾಯಿಗೆ ತೋರಿಸಿದೆವು. ನೋಡಿ ಮುಗಿಸಿ, ಸೆರಗಿನ ಕೆಳಗೆ ಕೈ ಇಟ್ಟುಕೊಂಡು, “ನನ್ನ ಬೆರಳು ಇಷ್ಟು ಕಪ್ಪಾಗಿದ್ದು ನೀನು ಯಾವಾಗ ನೋಡಿದ್ಯೇ?” ಎಂದು ಮಗಳನ್ನು ಕೇಳಿದರು. ಅರ್ಜಿ ಹೋಗಿದೆ. ತೋಟದ ಕಾಗದಪತ್ರ ಸದ್ಯಕ್ಕೆ ಬೀರುವಿನಲ್ಲೇ ಇದೆ.