ಬರಿಹೊಟ್ಟೆಯ ಕರು

ಹುಟ್ಟಿದ ಕೆಲವೇ ದಿನಕ್ಕೆ ಕೊಟ್ಟಿಗೆ ಬಿಟ್ಟು ಮಾರಾಟಕ್ಕೆ ಹೋಗುವ ಕರುವನ್ನು ಡಚ್ಚರು ‘ನುಖ್ತರ್ ಕಾಲ್ಫ್’ ಎನ್ನುತ್ತಾರೆ. ಕಾಲ್ಫ್ ಎಂದರೆ ಕರು. ನುಖ್ತರ್ ಎಂದರೆ ಬರಿಹೊಟ್ಟೆ. ರಕ್ತಪರೀಕ್ಷೆಗೆ ಏನೂ ತಿನ್ನದೆ ಬನ್ನಿ ಎನ್ನುವಾಗ ಅಲ್ಲಿನ ಆಸ್ಪತ್ರೆಯವರು ಬಳಸುವುದೂ ಇದೇ ಪದವನ್ನು. ಅದಕ್ಕೆ ಇನ್ನೊಂದು ಅರ್ಥವಿದೆ: ಅಮಲಿಲ್ಲದ, ತಲೆ ತಣ್ಣಗಿರುವ. ಡಚ್ಚರು ತಮ್ಮ ಸ್ವಭಾವವನ್ನು ಬಣ್ಣಿಸಿಕೊಳ್ಳುವಾಗ ಹೆಮ್ಮೆಯಿಂದ ಹೇಳುವ ಗುಣ ಇದು. ಬಾಟಲಿ ಹಾಲಿನ ಎಳೆಗರುಗಳಿಗೆ ಕಾಯಿಲೆ ಬಂದಾಗ ನೆದರ್‌ಲೆಂಡ್ಸ್‌ನಲ್ಲಿ ಮಾಡುವ ಆರೈಕೆಯನ್ನು ನೋಡುತ್ತಾ ಹೋದಂತೆ ಈ ಎರಡು ಅರ್ಥಗಳೂ ನನ್ನನ್ನು ಬಿಡಲಿಲ್ಲ. ಆ ಆರೈಕೆಯಲ್ಲಿ ತಲೆ ತಣ್ಣಗಿಟ್ಟುಕೊಂಡವರ ಶಿಸ್ತಿದೆ. ಆ ಶಿಸ್ತು ಪೂರ್ತಿ ಮುಟ್ಟದ ಒಂದು ಕರುವೂ ಇದೆ.

ಎಲ್ಲಿಯದೋ ದೇಶದ ಕರು ನಮಗೇಕೆ ಎನ್ನುವಂತಿಲ್ಲ. ಕೋಲಾರ, ಮಂಡ್ಯ, ಹಾಸನದ ಕೊಟ್ಟಿಗೆಗಳಲ್ಲಿ ನಿಂತಿರುವ ಕಪ್ಪು-ಬಿಳುಪಿನ ‘ಎಚ್.ಎಫ್.’ ಹಸುವಿನ ಹೆಸರಲ್ಲಿರುವ ಎಫ್ ಅಕ್ಷರ ಫ್ರೀಸಿಯನ್, ಅಂದರೆ ಡಚ್ಚರ ಫ್ರೀಸ್‌ಲ್ಯಾಂಡ್ ಪ್ರಾಂತ್ಯದ್ದು. ಆ ಪ್ರಾಂತ್ಯದ ರಾಜಧಾನಿ ಲೇವಾರ್ಡನ್‌ನಲ್ಲಿ 1954ರಲ್ಲಿ ನಿಲ್ಲಿಸಿದ ಹಸುವಿನ ಪ್ರತಿಮೆಯೊಂದಿದೆ. ಊರಿನವರು ಅದನ್ನು ‘ಉಸ್ ಮೆಮ್’ ಎನ್ನುತ್ತಾರೆ. ಫ್ರೀಸಿಯನ್ ಭಾಷೆಯಲ್ಲಿ ಹಾಗೆಂದರೆ ‘ನಮ್ಮ ತಾಯಿ’. ಹಸುವನ್ನು ತಾಯಿ ಎಂದು ಕರೆಯುವುದರಲ್ಲಿ ನಾವು ಮತ್ತು ಅವರು ಒಂದೇ. ತಾಯಿಯ ಹಾಲು ಕರುವಿಗೆ ಎಷ್ಟು, ಮನುಷ್ಯನಿಗೆ ಎಷ್ಟು ಎಂಬ ಪ್ರಶ್ನೆಗೆ ಇಬ್ಬರೂ ಕೊಟ್ಟುಕೊಂಡ ಉತ್ತರವೂ ಬಹುಮಟ್ಟಿಗೆ ಒಂದೇ.

ಮನುಷ್ಯರ ಮಗು ಹುಟ್ಟುವಾಗಲೇ ತಾಯಿಯ ರಕ್ತದಿಂದ ಒಂದಿಷ್ಟು ರೋಗನಿರೋಧಕ ಅಂಶವನ್ನು ಪಡೆದಿರುತ್ತದೆ. ಹಸುವಿನ ಮಾಸು ಅದನ್ನು ಕರುವಿಗೆ ದಾಟಿಸುವುದಿಲ್ಲ. ಕರುವಿಗೆ ಅದು ಸಿಗುವುದೆಲ್ಲ ಗಿಣ್ಣಿನಿಂದ. ಗಿಣ್ಣಿನಲ್ಲಿರುವ ಆ ಅಂಶವನ್ನು ಇಡಿಯಾಗಿ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಮೊದಲ ಕೆಲವು ಗಂಟೆ ಮಾತ್ರ ಚೆನ್ನಾಗಿರುತ್ತದೆ. ಗಂಟೆ ಕಳೆದಂತೆ ಅದು ಕುಗ್ಗಿ, ದಿನ ತುಂಬುವ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಯುರೋಪಿಯನ್ ಒಕ್ಕೂಟದ 2008ರ ಕರು ಸಂರಕ್ಷಣಾ ನಿರ್ದೇಶನ, ಹುಟ್ಟಿದ ಆರು ಗಂಟೆಯೊಳಗೆ ಕರುವಿಗೆ ಗಿಣ್ಣು ಸಿಗಲೇಬೇಕು ಎಂದು ಬರೆದಿಟ್ಟಿರುವುದು ಇದಕ್ಕೇ. ಡಚ್ ರೈತರು ಇದನ್ನು ‘ವಿ’ ಅಕ್ಷರದ ನಾಲ್ಕು ಮಾತುಗಳಲ್ಲಿ ನೆನಪಿಟ್ಟುಕೊಂಡಿದ್ದಾರೆ. ನಮ್ಮ ‘ಬ’ ಅಕ್ಷರಕ್ಕೂ ಅವು ಸಲೀಸಾಗಿ ಒಗ್ಗುತ್ತವೆ: ಬೇಗ, ಬಹಳ, ಬಾರಿಬಾರಿಗೆ, ಬಿಸಿ ಆರುವ ಮೊದಲೇ. ಎಚ್.ಎಫ್. ಕರುವಿಗೆ ಮೊದಲ ಸಲಕ್ಕೆ ಮೂರರಿಂದ ನಾಲ್ಕು ಲೀಟರ್. ಗಿಣ್ಣು ಗಟ್ಟಿಯಿದೆಯೇ ಎಂದು ನೋಡಲು ಬ್ರಿಕ್ಸ್ ಮಾಪಕದ ಗಾಜಿನ ಮೇಲೆ ಒಂದು ಹನಿ ಬಿಡುತ್ತಾರೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಹಣ್ಣಿನ ಸಿಹಿ ಅಳೆಯುವ ಅದೇ ಮಾಪಕ. 22 ದಾಟಿದರೆ ಒಳ್ಳೆಯ ಗಿಣ್ಣು. ಹೆಚ್ಚಾದದ್ದನ್ನು ಶೀತಪೆಟ್ಟಿಗೆಯಲ್ಲಿಟ್ಟು, ತಾಯಿಯ ಗಿಣ್ಣು ತೆಳ್ಳಗಿರುವ ಇನ್ನೊಂದು ಕರುವಿಗೆ ಉಳಿಸುತ್ತಾರೆ.

ಫ್ರೀಸ್‌ಲ್ಯಾಂಡಿನ ಒಂದು ಕೊಟ್ಟಿಗೆಯಲ್ಲಿ ಚಳಿಗಾಲದ ಒಂದು ಬೆಳಿಗ್ಗೆ ನಾನು ನಿಂತಿದ್ದೆ. ಬಿಳಿ ಪ್ಲಾಸ್ಟಿಕ್ಕಿನ ಗೂಡುಗಳ ಸಾಲು, ಪ್ರತಿ ಗೂಡಿನ ಮುಂದೆ ಕೆಂಪು ಮೊಲೆತೊಟ್ಟಿನ ಬಕೆಟ್ಟು, ಒಳಗೆ ಮೊಣಕಾಲು ಮುಳುಗುವಷ್ಟು ಹುಲ್ಲಿನ ಹಾಸು. ಎರಡು ಕಿವಿಗೂ ಹಳದಿ ಬಿಲ್ಲೆ ತೂಗಿಸಿಕೊಂಡ ಆರು ದಿನದ ಹೆಣ್ಣುಗರುವೊಂದು ತಲೆ ತಗ್ಗಿಸಿ ನಿಂತಿತ್ತು. ಹಿಂಗಾಲಿನ ತುಂಬ ನೀರಾದ ಸಗಣಿ. ಆ ಮನೆಯ ಯಜಮಾನಿ ಗೂಡಿನೊಳಗೆ ಬಗ್ಗಿ, ಮೊದಲು ತೋರುಬೆರಳನ್ನು ಕರುವಿನ ಬಾಯಿಗೆ ಇಟ್ಟರು. ಬಾಯಿ ಬೆಚ್ಚಗಿದೆಯೇ, ಬೆರಳು ಚೀಪುತ್ತದೆಯೇ ಎಂದು ನೋಡಿದರು. ಆಮೇಲೆ ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರು. ಅದು ಒಡನೆ ಕೂರಲಿಲ್ಲ, ಮಡಿಕೆ ನಿಧಾನಕ್ಕೆ ಇಳಿಯಿತು. ಕಣ್ಣುಗುಡ್ಡೆಗೂ ರೆಪ್ಪೆಗೂ ನಡುವೆ ಸಣ್ಣ ಸಂದು ಬಿದ್ದಿತ್ತು. ಕೊನೆಗೆ ಜ್ವರಮಾಪಕ. ಎಲ್ಲ ಸೇರಿ ಎರಡು ನಿಮಿಷ. ಸೂಜಿ ತೆಗೆಯಲಿಲ್ಲ. ಬೆಳಗಿನ ಹಾಲನ್ನು ಎಂದಿನಂತೆ ಕುಡಿಸಿ, ಮಧ್ಯಾಹ್ನ ಎರಡು ಲೀಟರ್ ಬೆಚ್ಚನೆಯ ಉಪ್ಪು-ಗ್ಲೂಕೋಸ್ ನೀರು ಕೊಡಬೇಕೆಂದು ಗೋಡೆಯ ಹಲಗೆಯ ಮೇಲೆ ಬರೆದರು.

ಅವರು ಯಾಕೆ ಸೂಜಿ ತೆಗೆಯಲಿಲ್ಲ ಎಂಬುದರಲ್ಲೇ ಈ ಪದ್ಧತಿಯ ಹೆಚ್ಚುಗಾರಿಕೆ ಇದೆ. ಮೊದಲ ಮೂರು-ನಾಲ್ಕು ದಿನದ ಭೇದಿಗೆ ಹೆಚ್ಚಾಗಿ ಕಾರಣ ಇ. ಕೋಲಿ ಬ್ಯಾಕ್ಟೀರಿಯಾ. ಐದನೆಯ ದಿನದಿಂದ ಎರಡನೆಯ ವಾರದ ಕೊನೆಯವರೆಗೆ ಸಾಮಾನ್ಯವಾಗಿ ಕಾಡುವುದು ರೋಟಾ ಮತ್ತು ಕರೋನಾ ವೈರಸ್ಸುಗಳು, ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ. ಇವು ಮೂರಕ್ಕೂ ಸಾಮಾನ್ಯ ಆಂಟಿಬಯೋಟಿಕ್ ನಾಟುವುದಿಲ್ಲ. ಕಾರಣ ಯಾವುದಿದ್ದರೂ ಕರುವಿನ ಪ್ರಾಣ ಹೋಗುವುದು ಮೈಯ ನೀರು, ಉಪ್ಪು ಹರಿದುಹೋಗಿ ರಕ್ತ ಹುಳಿಯಾಗುವುದರಿಂದ. ನಲವತ್ತು ಕಿಲೋ ಕರು ಶೇ. 8ರಷ್ಟು ಒಣಗಿದೆ ಎಂದರೆ ಮೂರು ಲೀಟರಿಗೂ ಮಿಕ್ಕಿ ನೀರು ಕಳೆದುಕೊಂಡಿದೆ ಎಂದರ್ಥ. ಆ ಮೂರು ಲೀಟರನ್ನು ಯಾವ ಇಂಜೆಕ್ಷನ್ನಿನ ಸೀಸೆಯೂ ತುಂಬಿಕೊಡಲಾರದು. ಕರು ಬೆರಳು ಚೀಪುವಷ್ಟು ಗಟ್ಟಿಯಿದ್ದರೆ ಬಾಯಿಂದಲೇ ನೀರು. ಚೀಪುವುದನ್ನು ಬಿಟ್ಟು, ಬಾಯಿ ತಣ್ಣಗಾಗಿ, ನಿಲ್ಲಲಾರದೆ ಬಿದ್ದರೆ ಪಶುವೈದ್ಯರು ಬಂದು ರಕ್ತನಾಳಕ್ಕೆ ಬೈಕಾರ್ಬನೇಟ್ ಹನಿಸಬೇಕು. ಜ್ವರ ಏರಿದ್ದರೆ, ಸಗಣಿಯಲ್ಲಿ ರಕ್ತವಿದ್ದರೆ ಆಗ ಆಂಟಿಬಯೋಟಿಕ್ಕಿನ ಮಾತು. ಬೆರಳಿನಿಂದ ಸೂಜಿಯವರೆಗಿನ ಈ ಮೆಟ್ಟಿಲುಗಳನ್ನು ಹಾರದೆ ಹತ್ತುವುದು ಸುಲಭವಲ್ಲ, ಏಕೆಂದರೆ ಗಾಬರಿಯಾದ ಮನಸ್ಸು ಮೊದಲು ಸೂಜಿಯನ್ನೇ ಹುಡುಕುತ್ತದೆ.

ಈ ಸಂಯಮ ಅವರಿಗೂ ಹುಟ್ಟಿನಿಂದ ಬಂದದ್ದಲ್ಲ. ಮನುಷ್ಯರಿಗೆ ಆಂಟಿಬಯೋಟಿಕ್ ಕೊಡುವುದರಲ್ಲಿ ಯುರೋಪಿನಲ್ಲೇ ಅತಿ ಬಿಗಿಯಾಗಿದ್ದ ದೇಶ, ದನ, ಹಂದಿ, ಕೋಳಿಗಳಿಗೆ ಕೊಡುವುದರಲ್ಲಿ ಬಹುಕಾಲ ಮುಂದಿನ ಸಾಲಿನಲ್ಲಿತ್ತು. 2009ರಲ್ಲಿ ಅಲ್ಲಿ ಪ್ರಾಣಿಗಳಿಗಾಗಿ ಮಾರಾಟವಾದದ್ದು ಸುಮಾರು 495 ಟನ್. ಔಷಧಕ್ಕೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾ ಹಂದಿಗಳಲ್ಲಿ, ಆಮೇಲೆ ಮಾಂಸಕ್ಕಾಗಿ ಸಾಕುವ ಕರುಗಳಲ್ಲಿ ಕಾಣಿಸಿಕೊಂಡಿತು. ನೂರೆರಡು ಕರು ಸಾಕಣೆ ಕೇಂದ್ರಗಳಲ್ಲಿ ನಡೆದ ಅಧ್ಯಯನದಲ್ಲಿ ಮೂವರು ರೈತರಲ್ಲಿ ಒಬ್ಬರ ಮೈಮೇಲೆ ಅದು ಪತ್ತೆಯಾಯಿತು. ಇವತ್ತಿಗೂ ಹಂದಿ, ಕರುಗಳ ನಡುವೆ ದುಡಿಯುವವರು ಅಲ್ಲಿ ಆಸ್ಪತ್ರೆಗೆ ದಾಖಲಾದರೆ, ಪರೀಕ್ಷೆಯ ಫಲಿತಾಂಶ ಬರುವವರೆಗೆ ಬೇರೆ ಕೋಣೆಯಲ್ಲಿ ಇರಿಸುತ್ತಾರೆ. ಕೊಟ್ಟಿಗೆಯಲ್ಲಿ ಚೆಲ್ಲಿದ ಔಷಧ ಮನೆಯೊಳಕ್ಕೆ ನಡೆದು ಬಂದಿತ್ತು.

ಆ ಮೇಲೆ ಅವರು ಮಾಡಿದ್ದು ಲೆಕ್ಕ ಇಡುವ ಕೆಲಸ. 2010ರಲ್ಲಿ ಎಸ್‌ಡಿಎ ಎಂಬ ಸ್ವತಂತ್ರ ಪಶುಔಷಧ ಪ್ರಾಧಿಕಾರ ಹುಟ್ಟಿತು. ಯಾವ ಕೊಟ್ಟಿಗೆ ಎಷ್ಟು ಆಂಟಿಬಯೋಟಿಕ್ ಬಳಸಿತು, ಯಾವ ಪಶುವೈದ್ಯರು ಎಷ್ಟು ಬರೆದುಕೊಟ್ಟರು ಎಂಬುದೆಲ್ಲ ದಾಖಲಾಗತೊಡಗಿತು. ಮಿತಿ ಮೀರಿದವರಿಗೆ ಅದು ಎದ್ದು ಕಾಣುವಂತಾಯಿತು. ಪಶುವೈದ್ಯರ ಸಂಘ ಯಾವ ರೋಗಕ್ಕೆ ಯಾವ ಔಷಧ ಮೊದಲ ಆಯ್ಕೆ, ಯಾವುದು ಕೊನೆಯ ಆಯ್ಕೆ ಎಂದು ಪಟ್ಟಿ ಮಾಡಿತು. 2013ಕ್ಕೆ ಬಳಕೆ ಅರ್ಧಕ್ಕೆ ಇಳಿಯಬೇಕೆಂಬ ಗುರಿ ಇಟ್ಟರು, ಮುಟ್ಟಿದರು. 2009ಕ್ಕೆ ಹೋಲಿಸಿದರೆ ಈಗ ಮಾರಾಟ ಶೇ. 70ಕ್ಕೂ ಹೆಚ್ಚು ಕುಸಿದಿದೆ. ದಂಡದ ಭಯಕ್ಕಿಂತ ಪಕ್ಕದವನ ಅಂಕದ ಜೊತೆ ತನ್ನ ಅಂಕ ನೋಡಿಕೊಳ್ಳುವ ಮುಜುಗರ ಹೆಚ್ಚು ಕೆಲಸ ಮಾಡಿತು ಎಂದು ನನಗನ್ನಿಸುತ್ತದೆ. ಹಾಲಿನ ಕೊಟ್ಟಿಗೆಗಳಿಗೆ ಈಗ ‘ಕಾಲ್ಫ್‌ಓಕೆ’ ಎಂಬ ನೂರು ಅಂಕದ ಪರೀಕ್ಷೆಯಿದೆ. ಕರುಗಳ ಸಾವು, ಔಷಧ ಬಳಕೆ ಸೇರಿ ಹನ್ನೆರಡು ವಿಷಯಗಳನ್ನು ಅದು ನೋಡುತ್ತದೆ. ಇಷ್ಟು ಸಣ್ಣ ಜೀವದ ಪಾಲನೆಗೆ ಇಷ್ಟು ಪ್ರಾಮಾಣಿಕ ಲೆಕ್ಕ ಇಟ್ಟದ್ದಕ್ಕೆ ಅವರನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಲೆಕ್ಕದ ಪುಸ್ತಕ ಎಲ್ಲಿ ಮುಚ್ಚುತ್ತದೆ ಎಂಬುದನ್ನೂ ನೋಡಬೇಕು. ಆ ದೇಶದಲ್ಲಿ ಸುಮಾರು ಹದಿನೈದು ಲಕ್ಷ ಕರೆಯುವ ಹಸುಗಳಿವೆ. ಹಾಲು ಬರಬೇಕಾದರೆ ಕರು ಹುಟ್ಟಬೇಕು, ಹುಟ್ಟಿದ ಕರುಗಳಲ್ಲಿ ಹೋರಿಗರುಗಳೆಲ್ಲವೂ, ಹೆಣ್ಣುಗರುಗಳಲ್ಲಿ ಒಂದು ಪಾಲೂ ಆ ಕೊಟ್ಟಿಗೆಗೆ ಬೇಡ. ಎರಡು ವಾರ ತುಂಬಿದ ಮೇಲೆ ಲಾರಿ ಬರುತ್ತದೆ. ಬಾರ್ನೆವೆಲ್ಡ್ ಸುತ್ತಮುತ್ತಲಿನ ಖೆಲ್ಡರ್‌ಲ್ಯಾಂಡ್ ಸೀಮೆಯಲ್ಲಿ ದಟ್ಟವಾಗಿರುವ ಮಾಂಸದ ಕರುಗಳ ದೊಡ್ಡಿಗಳಿಗೆ ಅವು ಹೋಗುತ್ತವೆ. ಜರ್ಮನಿಯಿಂದ ಬಂದ ಕರುಗಳೂ ಅಲ್ಲೇ ಸೇರುತ್ತವೆ. ಹತ್ತಾರು ಊರಿನ ಹತ್ತಾರು ಕೊಟ್ಟಿಗೆಯ ರೋಗಾಣುಗಳು ಒಂದೇ ಸೂರಿನಡಿ ಕಲೆಯುತ್ತವೆ. ಗಿಣ್ಣಿನಿಂದ ಬಂದ ರಕ್ಷಣೆ ಕರಗುತ್ತಾ, ಕರುವಿನ ಸ್ವಂತ ರಕ್ಷಣೆ ಇನ್ನೂ ಗಟ್ಟಿಯಾಗದೆ ಇರುವ ದಿನಗಳೂ ಅವೇ. ಹೀಗಾಗಿ ದೊಡ್ಡಿ ಸೇರಿದ ಮೊದಲ ವಾರಗಳಲ್ಲಿ ಕೆಮ್ಮು, ನ್ಯುಮೋನಿಯಾ, ಮತ್ತೆ ಭೇದಿ. ಆಂಟಿಬಯೋಟಿಕ್ಕನ್ನು ಅಲ್ಲಿ ಇಳಿಸುವುದು ಉಳಿದೆಡೆಗಿಂತ ಕಷ್ಟವಾದದ್ದು ಸಾಕುವವರ ಅಸಡ್ಡೆಯಿಂದಲ್ಲ. ಬೇನೆಗೆ ಬೇಕಾದ ಏರ್ಪಾಡನ್ನೆಲ್ಲ ವ್ಯವಸ್ಥೆಯೇ ಮಾಡಿಕೊಟ್ಟ ಮೇಲೆ ಅವರು ಮದ್ದನ್ನಲ್ಲದೆ ಇನ್ನೇನನ್ನು ಹುಡುಕಬೇಕು?

ಹುಟ್ಟಿದ ಕೊಟ್ಟಿಗೆಯ ಅಂಕಪಟ್ಟಿಯಲ್ಲಿ ಈ ಕೆಮ್ಮು ಕಾಣುವುದಿಲ್ಲ. ಕರು ಲಾರಿ ಹತ್ತಿದ ಮೇಲೆ ಅದರ ಕಾಯಿಲೆ ಇನ್ನೊಬ್ಬರ ಲೆಕ್ಕ. ನನ್ನ ಮುಖ್ಯ ತಕರಾರು ಇರುವುದು ಇಲ್ಲಿ. ಬೆಲೆ ಬಿದ್ದ ವರ್ಷಗಳಲ್ಲಿ ಒಂದು ಹೋರಿಗರು ತರುವ ಹಣ ಪಶುವೈದ್ಯರ ಒಂದು ಭೇಟಿಯ ಶುಲ್ಕಕ್ಕೂ ಸಾಲದು. ಆಗ ಗಿಣ್ಣಿನ ನಾಲ್ಕು ‘ಬ’ಗಳಲ್ಲಿ ಯಾವುದನ್ನು ಬಿಟ್ಟರೂ ಕೇಳುವವರಿಲ್ಲ. ಜರ್ಮನಿ 2023ರಿಂದ ಕರುಗಳ ಸಾಗಣೆಗೆ ಕನಿಷ್ಠ ವಯಸ್ಸನ್ನು 28 ದಿನಕ್ಕೆ ಏರಿಸಿತು. ಇದರಿಂದ ಕರು ಗಟ್ಟಿಯಾಗಿ ಹೊರಡುತ್ತದೆ ಎಂಬುದಕ್ಕಿಂತ ದೊಡ್ಡ ಲಾಭವೊಂದಿದೆ: ಕಾಯಿಲೆ ಬೀಳುವ ಕಷ್ಟದ ವಾರಗಳು ಹುಟ್ಟಿಸಿದವನ ಕಣ್ಣೆದುರೇ ಕಳೆಯುತ್ತವೆ, ಅವನ ಹೊಣೆಯಾಗುತ್ತವೆ. ಪದ್ಧತಿಯೊಂದನ್ನು ಅಳೆಯಬೇಕಾದದ್ದು ಬೆಲೆಯಿಲ್ಲದ ಕರುವಿಗೆ ಅದು ಏನು ಮಾಡುತ್ತದೆ ಎಂಬುದರಿಂದ. ಆ ಅಳತೆಯಲ್ಲಿ ಡಚ್ ಪದ್ಧತಿ ಅರ್ಧ ದಾರಿಯಲ್ಲಿ ನಿಂತಿದೆ. ಕರುವನ್ನು ತಿಂಗಳುಗಟ್ಟಲೆ ತಾಯಿಯ ಜೊತೆಗೇ ಬಿಡುವ ಕೆಲವು ಡಚ್ ರೈತರಿದ್ದಾರೆ, ಅವರ ಸಂಖ್ಯೆ ಸಣ್ಣದು. ಹೆಣ್ಣುಗರುವೇ ಹುಟ್ಟುವಂತೆ ಲಿಂಗ ಬೇರ್ಪಡಿಸಿದ ವೀರ್ಯ ಬಳಸುವುದು ಇನ್ನೊಂದು ದಾರಿ. ಬೇಡದ ಕರು ಹುಟ್ಟದಂತೆ ನೋಡುವುದೂ ಒಂದು ಬಗೆಯ ಆರೈಕೆಯೇ.

ಅದೇ ಅಳತೆಗೋಲನ್ನು ನಮ್ಮ ಕಡೆ ತಿರುಗಿಸಿದರೆ ನಾನು ತಲೆ ತಗ್ಗಿಸಬೇಕು. ನಮ್ಮ ಮನೆಯ ಎಚ್.ಎಫ್. ಮಿಶ್ರತಳಿಯ ಹಸು ಮೊದಲ ಸಲ ಹೋರಿಗರು ಹಾಕಿದಾಗ ನಾನು ಹೈಸ್ಕೂಲಿನಲ್ಲಿದ್ದೆ. “ಮಾಸು ಬೀಳೋ ತನಕ ಕರೂಗೆ ಹಾಲು ಬಿಡಬ್ಯಾಡ ಕಣಪ್ಪ” ಎಂದಳು ಅಜ್ಜಿ. ಅವಳಿಗೆ ಕರುವಿನ ಮೇಲೆ ನನಗಿಂತ ಹೆಚ್ಚು ಪ್ರೀತಿಯಿತ್ತು, ತನಗೆ ಹಿರಿಯರು ಹೇಳಿದ್ದನ್ನು ಅವಳು ಹೇಳಿದಳು. ಮಾಸು ಬಿದ್ದದ್ದು ರಾತ್ರಿ. ಅಷ್ಟರಲ್ಲಿ ಗಿಣ್ಣು ಒಲೆಯ ಮೇಲೆ ಬೆಲ್ಲ, ಏಲಕ್ಕಿಯ ಜೊತೆ ಬೆಂದು ಬೀದಿಯ ಮನೆಗಳಿಗೆ ಹಂಚಿಹೋಗಿತ್ತು. ಆರನೆಯ ದಿನ ಕರುವಿಗೆ ಭೇದಿ ಹಿಡಿಯಿತು. ಹಾಲು ಕುಡಿದರೆ ಭೇದಿ ಹೆಚ್ಚುತ್ತದೆಂದು ಹಾಲು ನಿಲ್ಲಿಸಿದೆವು. ಗೊಟ್ಟದಲ್ಲಿ ಕಷಾಯ ಹೊಯ್ದೆವು. ಮಲಗಿದ ಕರುವಿನ ಗಂಟಲಿಗೆ ಹೊಯ್ದದ್ದು ಶ್ವಾಸಕೋಶಕ್ಕೂ ಇಳಿಯುತ್ತದೆ ಎಂದು ಆಗ ನಮಗೆ ಗೊತ್ತಿರಲಿಲ್ಲ. ಯಾರೋ ಬಂದು ಒಂದು ಇಂಜೆಕ್ಷನ್ ಕೊಟ್ಟು ಹೋದರು. ಎಂಟನೆಯ ದಿನ ಬೆಳಿಗ್ಗೆ ಅದು ಏಳಲಿಲ್ಲ.

ಅದನ್ನು ಉಳಿಸಬಹುದಾಗಿದ್ದದ್ದು ನಮ್ಮ ಕೈಗೆಟುಕುವಲ್ಲೇ ಇತ್ತು: ಕಾಯಿಸಿ ಆರಿಸಿದ ನೀರು, ಉಪ್ಪು, ಗ್ಲೂಕೋಸ್, ಮತ್ತು ನಾವೇ ನಿಲ್ಲಿಸಿದ ಹಾಲು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಬಿಸ್ ಇದೇ ಉಪ್ಪು-ಗ್ಲೂಕೋಸ್ ನೀರನ್ನು ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ, ಸಾವನ್ನು ಶೇ. 4ರ ಕೆಳಗೆ ಇಳಿಸಿದ್ದರು. ಗ್ಲೂಕೋಸ್ ಜೊತೆಯಿದ್ದರೆ ಭೇದಿಯಾದ ಕರುಳೂ ಉಪ್ಪನ್ನು, ಅದರ ಹಿಂದೆ ನೀರನ್ನು ಒಳಗೆಳೆದುಕೊಳ್ಳುತ್ತದೆ. ಮನುಷ್ಯನ ಕೂಸಿಗೂ ಹಸುವಿನ ಕೂಸಿಗೂ ಈ ನಿಯಮ ಒಂದೇ. ಫ್ರೀಸ್‌ಲ್ಯಾಂಡಿನ ಹಲಗೆಯ ಮೇಲೆ ನಾನು ಓದಿದ ಚಿಕಿತ್ಸೆ ನಮ್ಮ ದೇಶದಲ್ಲೇ ಪರೀಕ್ಷೆಗೆ ನಿಂತು ಗೆದ್ದದ್ದು.

ಗಿಣ್ಣಿನ ಸವಿಯನ್ನು ನಾವು ಬಿಡಬೇಕಿಲ್ಲ. ಮಿಶ್ರತಳಿಯ ಹಸು ಕರುವಿಗೆ ಬೇಕಾದದ್ದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. ಮೊದಲ ಪಾಲು, ಮೊದಲ ಗಂಟೆಗಳಲ್ಲಿ, ಕರುವಿಗೆ ಹೋಗಲಿ, ಮಿಕ್ಕದ್ದು ಒಲೆಗೇರಲಿ. ಮಾಸಿಗೆ ಕಾಯುವುದು ಬೇಡ. ಭೇದಿಯಾದಾಗ ಹಾಲು ನಿಲ್ಲಿಸುವುದು ಬೇಡ, ಎರಡು ಹಾಲಿನ ನಡುವೆ ಉಪ್ಪು-ಗ್ಲೂಕೋಸ್ ನೀರು ಸೇರಲಿ. ಮಲಗಿದ ಕರುವಿನ ಬಾಯಿಗೆ ಗೊಟ್ಟ ಇಡುವುದು ಬೇಡ. ಡಚ್ಚರಿಂದ ಇಷ್ಟನ್ನು ಕಲಿಯೋಣ. ಹೋರಿಗರುವನ್ನು ಅವರು ಲಾರಿ ಹತ್ತಿಸುತ್ತಾರೆ, ನಾವು ಹಾಲು ತಪ್ಪಿಸಿ ಸೊರಗಿಸುತ್ತೇವೆ, ಇಲ್ಲವೇ ಊರಾಚೆ ಬಿಟ್ಟು ಬರುತ್ತೇವೆ. ಕರ್ನಾಟಕದ 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ ಮಾರುವ ದಾರಿಯೂ ಕಿರಿದಾಗಿದೆ, ಸಾಕುವ ಖರ್ಚು ಮಾತ್ರ ರೈತನ ತಲೆಯ ಮೇಲೇ ಇದೆ. ಇದಕ್ಕೆ ಅವರಲ್ಲೂ ಸಿದ್ಧ ಉತ್ತರವಿಲ್ಲ.

ಆ ಬೆಳಿಗ್ಗೆ ಸಾಲಿನ ಕೊನೆಯ ಗೂಡಿನಲ್ಲಿ ಒಂದು ಹೋರಿಗರು ಇತ್ತು. ಅದು ಬುಧವಾರ ಹೋಗುತ್ತದೆ ಎಂದರು ಯಜಮಾನಿ. ಅದಕ್ಕೂ ಅದೇ ಕೆಂಪು ತೊಟ್ಟಿನ ಬಕೆಟ್ಟು, ಅಷ್ಟೇ ಹಾಲು. ಅದರ ಬಾಯಿಗೂ ಬೆರಳಿಟ್ಟು ನೋಡಿದರು, ಅದು ಜೋರಾಗಿ ಚೀಪಿತು. ಆ ಹೆಣ್ಣುಮಗಳ ಕೈಯಲ್ಲಿ ಕರುಗಳ ನಡುವೆ ಭೇದವಿರಲಿಲ್ಲ. ಬುಧವಾರ ಆ ಕರು ಬರಿಹೊಟ್ಟೆಯಲ್ಲಿ ಹೊರಟಿರಲಾರದು. ಗುರುವಾರದಿಂದ ಅದರ ಬಾಯಿಗೆ ಬೆರಳಿಟ್ಟು ನೋಡುವವರು ಯಾರು ಎಂಬುದಕ್ಕೆ ಅವರ ಲೆಕ್ಕದಲ್ಲೂ ಒಂದು ಸಾಲು ಬೇಕು, ನಮ್ಮ ಲೆಕ್ಕದಲ್ಲೂ ಬೇಕು.