ಮೊದಲ ಒಂದು ಎಲ್ಲಿದೆ?

ಯಂತ್ರಾಂಶಕ್ಕೂ ಅದರ ಮೇಲೆ ನಡೆಯುವ ತಂತ್ರಾಂಶಗಳಿಗೂ ನಡುವೆ ನಿಂತು, ಪ್ರೊಸೆಸರು ಯಾವ ಕೆಲಸಕ್ಕೆ ಯಾವಾಗ ದೊರೆಯಬೇಕೆಂದು ನಿರ್ಧರಿಸುವ ಕರ್ನಲ್ ಎಂಬ ತಿರುಳುಭಾಗದಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ: ಸೊನ್ನೆ ಮತ್ತು ಒಂದುಗಳ ಸಾಲಿನಲ್ಲಿ ಮೊದಲ ಒಂದು ಎಲ್ಲಿದೆ? 2003ರ ಕೊನೆಯಲ್ಲಿ ಹೊರಬಂದ ಲಿನಕ್ಸ್ ಕರ್ನಲ್ 2.6ಕ್ಕೆ ಇಂಗೊ ಮೊಲ್ನಾರ್ ರೂಪಿಸಿದ ಶೆಡ್ಯೂಲರ್, ಅಂದರೆ ಕೆಲಸಗಳ ಸರದಿಯನ್ನು ಗೊತ್ತುಮಾಡುವ ಭಾಗ, ಈ ಪ್ರಶ್ನೆಯನ್ನೇ ಆಧರಿಸಿತ್ತು. ಅದರಲ್ಲಿದ್ದ 140 ಆದ್ಯತೆಗಳಲ್ಲಿ ಪ್ರತಿಯೊಂದಕ್ಕೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಬಿಟ್ ಇದ್ದು, ಸಾಲಿನಲ್ಲಿ ಯಾರಾದರೂ ಕಾಯುತ್ತಿದ್ದರೆ ಆ ಬಿಟ್ ಒಂದಾಗಿರುತ್ತಿತ್ತು. ಕಾಯುವ ಕೆಲಸಗಳು ಹತ್ತಿರಲಿ, ಹತ್ತು ಸಾವಿರವಿರಲಿ, 64 ಬಿಟ್‌ಗಳ ಯಂತ್ರದಲ್ಲಿ ಮೂರು ಪದಗಳನ್ನು, ಅಂದರೆ ಪ್ರೊಸೆಸರು ಒಮ್ಮೆಗೆ ನಿಭಾಯಿಸುವ ಬಿಟ್‌ಗಳ ಮೂರು ಗುಂಪುಗಳನ್ನು, ನೋಡಿದರೆ ಮುಂದಿನ ಸರದಿ ತಿಳಿಯುತ್ತಿತ್ತು. 2007ರಲ್ಲಿ ಸಾಮಾನ್ಯ ಕೆಲಸಗಳಿಗೆ ಬೇರೆ ಪದ್ಧತಿ ಬಂದರೂ, ತಡವನ್ನು ಸಹಿಸದ ಕೆಲಸಗಳಿಗೆ ಮೀಸಲಾದ 100 ಆದ್ಯತೆಗಳಲ್ಲಿ ಈ ಕ್ರಮವೇ ಉಳಿಯಿತು.

1985ರ ಇಂಟೆಲ್ 80386 ಪ್ರೊಸೆಸರು ಈ ಹುಡುಕಾಟಕ್ಕೆಂದೇ ಬಿಎಸ್‌ಎಫ್ ಎಂಬ ಆದೇಶವನ್ನು ತಂದಿತು. ಆದರೆ ಇಡೀ ಪದವೇ ಸೊನ್ನೆಯಾಗಿದ್ದಾಗ ಉತ್ತರವೇನೆಂಬುದನ್ನು ಇಂಟೆಲ್‌ನ ಕೈಪಿಡಿ ಅನಿಶ್ಚಿತವೆಂದು ಬಿಟ್ಟಿತ್ತು. ಬಹಳ ವರ್ಷಗಳ ನಂತರ ಬಂದ ಟಿಜಡ್‌ಸಿಎನ್‌ಟಿ ಎಂಬ ಆದೇಶ ಆ ಕೊರತೆಯನ್ನು ತುಂಬಿತು. ಅದರ ಯಂತ್ರರೂಪ ಬಿಎಸ್‌ಎಫ್‌ನ ಆರಂಭಕ್ಕೆ ಒಂದು ಬೈಟ್ ಸೇರಿಸಿದಷ್ಟೇ ಆಗಿದ್ದು, ಹಳೆಯ ಪ್ರೊಸೆಸರುಗಳು ಆ ಬೈಟನ್ನು ಲೆಕ್ಕಿಸದೆ ಮುಂದೆ ಸಾಗುತ್ತವೆ. ಪದ ಸೊನ್ನೆಯಲ್ಲವೆಂದು ಮೊದಲೇ ಖಚಿತವಾಗಿರುವಲ್ಲಿ ಎರಡರ ಉತ್ತರವೂ ಒಂದೇ ಆದುದರಿಂದ, ಲಿನಕ್ಸ್ ಅಂಥ ಕಡೆ ಆ ಬೈಟನ್ನು ಸೇರಿಸಿಯೇ ಬರೆಯುತ್ತದೆ: ಯಾವ ಪ್ರೊಸೆಸರೆಂದು ವಿಚಾರಿಸುವ ಕೆಲಸವೇ ಇಲ್ಲದೆ, ಹೊಸತರಲ್ಲಿ ಹೊಸ ಆದೇಶವೂ ಹಳತರಲ್ಲಿ ಹಳೆಯದೂ ನಡೆಯುತ್ತದೆ. ಇಷ್ಟು ಮಿತವಾದ, ಇಷ್ಟು ಸೊಗಸಾದ ಸುಧಾರಣೆಗಳು ಅಪರೂಪ.

ಇಂಥ ಆದೇಶವೇ ಇಲ್ಲದ ಪ್ರೊಸೆಸರುಗಳಿಗಾಗಿ ಲಿನಕ್ಸ್ ಪದವನ್ನು ಅರ್ಧರ್ಧವಾಗಿ ಸೀಳುತ್ತ ಹೋಗಿ, 32 ಬಿಟ್‌ಗಳಲ್ಲಿ ಐದು ಹಂತಗಳಿಗೆ ಉತ್ತರವನ್ನು ತಲುಪುತ್ತದೆ. ಇದಕ್ಕಿಂತ ರಮ್ಯವಾದ ಮಾರ್ಗವನ್ನು 1998ರಲ್ಲಿ ಎಂಐಟಿಯ ಲೈಸರ್ಸನ್, ಪ್ರೊಕೊಪ್ ಮತ್ತು ರ‍್ಯಾಂಡಲ್ ವಿವರಿಸಿದರು. ಒಂದು ಸಂಖ್ಯೆಗೂ ಅದರ ಋಣರೂಪಕ್ಕೂ ಬಿಟ್‌ವಾರು 'ಮತ್ತು' ಕ್ರಿಯೆಯನ್ನು ನಡೆಸಿದರೆ, ಬಲತುದಿಯಿಂದ ಮೊದಲು ಸಿಗುವ ಒಂದು ಮಾತ್ರ ಉಳಿದು ಮಿಕ್ಕೆಲ್ಲ ಸೊನ್ನೆಯಾಗುತ್ತದೆ. ಹೀಗೆ ಉಳಿದದ್ದು ಎರಡರ ಒಂದು ಘಾತವಾದುದರಿಂದ, ಅದರಿಂದ ಸ್ಥಿರಾಂಕವೊಂದನ್ನು ಗುಣಿಸುವುದೆಂದರೆ ಆ ಸ್ಥಿರಾಂಕವನ್ನು ಎಡಕ್ಕೆ ಸರಿಸುವುದೇ. ಸರಿಸಲ್ಪಡುವ ಸ್ಥಿರಾಂಕವು ಐದೈದು ಬಿಟ್‌ಗಳ 32 ವಿನ್ಯಾಸಗಳೂ ಒಂದೊಂದೇ ಸಲ ಬರುವಂತೆ ಹೆಣೆದ ಡಿ ಬ್ರೂಯ್ನ್ ಸರಣಿಯಾಗಿದ್ದರೆ, ಗುಣಲಬ್ಧದ ಎಡತುದಿಯ ಐದು ಬಿಟ್‌ಗಳೇ ಸ್ಥಾನವನ್ನು ಸಾರುತ್ತವೆ.

ಕನ್ನಡ ಛಂದಸ್ಸನ್ನು ಓದಿದವರಿಗೆ ಇಂಥ ಹೆಣಿಗೆ ಹೊಸತಲ್ಲ. ಅಕ್ಷರಗಣಗಳನ್ನು ನೆನಪಿಡಲು ಕಲಿಸುವ 'ಯಮಾತಾರಾಜಭಾನಸಲಗಂ' ಎಂಬ ಸೂತ್ರದಲ್ಲಿ ಲಘುವನ್ನು ಸೊನ್ನೆಯೆಂದೂ ಗುರುವನ್ನು ಒಂದೆಂದೂ ಬರೆದರೆ 0111010001 ದೊರೆಯುತ್ತದೆ. ಯಮಾತಾ ಎಂಬುದು ಯಗಣ, ಮಾತಾರಾ ಎಂಬುದು ಮಗಣ. ಹೀಗೆ ಒಂದೊಂದೇ ಅಕ್ಷರ ಸರಿಯುತ್ತ ಹೋದಂತೆ ಎಂಟು ಗಣಗಳೂ ತಪ್ಪದೆ, ಒಂದೊಂದೇ ಸಲ ಬರುತ್ತವೆ. ಕೊನೆಯ 'ಲಗಂ' ಮೊದಲಿನ 'ಯಮಾ'ದ ಲಘು-ಗುರುಗಳನ್ನೇ ಮರಳಿ ತರುವುದರಿಂದ, ಸಾಲನ್ನು ಬಳೆಯಂತೆ ಬಾಗಿಸಿದರೆ ಉಳಿಯುವ ಎಂಟು ಅಕ್ಷರಗಳು ಮೂರು ಬಿಟ್‌ಗಳ ಡಿ ಬ್ರೂಯ್ನ್ ಸರಣಿಯೇ ಆಗುತ್ತವೆ.

ಗುಣಲಬ್ಧದ ಆ ಐದು ಬಿಟ್‌ಗಳನ್ನು ಸ್ಥಾನಸಂಖ್ಯೆಯಾಗಿ ತಿರುಗಿಸಲು 32 ಮನೆಗಳ ಕೋಷ್ಟಕವೊಂದು ಬೇಕು. ಅದು ಪ್ರೊಸೆಸರಿನ ಪಕ್ಕದ ಕ್ಯಾಶ್ ಎಂಬ ವೇಗಸ್ಮೃತಿಯಲ್ಲಿ ಆ ಕ್ಷಣಕ್ಕೆ ಇಲ್ಲದಿದ್ದರೆ, ದೂರದ ಮುಖ್ಯಸ್ಮೃತಿಯಿಂದ ತರಿಸುವಷ್ಟರಲ್ಲಿ ಅರ್ಧರ್ಧವಾಗಿ ಸೀಳುವ ಐದು ಹಂತಗಳೂ ಮುಗಿದಿರುತ್ತವೆ.